ನಾಲ್ಕನೇ ಮಹಡಿಯ ಕುರ್ಚಿ

ಚಾಕೊಲೇಟ್ ಬಿಸ್ಕತ್ತು. ಸಾದಾ ಅಲ್ಲ, ಒಂದು ಮಗ್ಗುಲಿಗೆ ದಪ್ಪಗೆ ಚಾಕೊಲೇಟ್ ಬಳಿದದ್ದು, ಅದೂ ತಟ್ಟೆಯಲ್ಲಿ, ತಟ್ಟೆಯ ಅಡಿಗೆ ಮಡಚಿದ ಕಾಗದದ ಕರವಸ್ತ್ರ — ಏನೋ ಇದೆ, ಏನೋ ನಡೀತಿದೆ ಎಂದುಕೊಂಡಳು ಮ್ಯಾಂಡಿ, ಈ ಆಫೀಸಿನ ತಿಂಗಳ ಮೀಟಿಂಗಿಗೆ ಬಿಸ್ಕತ್ತು ಬರುವುದೇ ಅಪರೂಪ, ಬಂದರೂ ಪೊಟ್ಟಣದಲ್ಲೇ ಬರುತ್ತದೆ, ಮೊದಲು ಕೈ ಹಾಕಿದವರು ಮುರಿದದ್ದನ್ನೇ ತಗೊಳ್ಳಬೇಕು ಎಂಬ ಬರೆಯದ ಕಾನೂನಿನ ಸಮೇತ, ಚಾಕೊಲೇಟಿನದು ಬಂದದ್ದು ಹಿಂದೆ ಒಂದೇ ಸಲ, ಅವತ್ತು ಬಾಡಿಗೆ ವಿಭಾಗದ ಇಡೀ ಸಾಲನ್ನು ಮನೆಗೆ ಕಳಿಸಿದ್ದರು, ಬಾಯಲ್ಲಿ ಚಾಕೊಲೇಟ್ ಕರಗುವಷ್ಟರಲ್ಲಿ ಕೆಲಸವೂ ಕರಗಿತ್ತು — ಜೊತೆಗೆ ಇವತ್ತು ಟೀ ಮಾಡಿಕೊಂಡು ಬಂದವಳು ಜೆರಾಲ್ಡೀನ್, ಮ್ಯಾಂಡಿಯ ಮೇಲಧಿಕಾರಿ, ಈ ವಸತಿ ಸಂಸ್ಥೆಯಲ್ಲಿ ಇನ್ನೊಬ್ಬರು ಮಾಡಿದ ಟೀ ಕುಡಿಯುತ್ತ ಕುಡಿಯುತ್ತಲೇ ಮೇಲೆ ಬಂದ ಹೆಂಗಸು, ತಗೋ ಚಿನ್ನ, ಸಕ್ಕರೆ ಎರಡು ತಾನೆ ನಿಂಗೆ? ಎರಡು ಅಂತ ಇವಳಿಗೆ ಹೇಳಿದವರು ಯಾರು, ಮ್ಯಾಂಡಿ ಅಪ್ರೆಂಟಿಸ್ ಆಗಿ ಸೇರಿದಂದಿನಿಂದ ಒಂದು ದಿನವೂ ಕೇಳಿದವಳಲ್ಲ. ಚಿನ್ನ ಅಂದದ್ದಕ್ಕೆ ಅರ್ಥವೇನೂ ಇಲ್ಲ, ಇಂಗ್ಲೆಂಡಿನ ಈ ಓಲ್ಡಮ್‌ನಲ್ಲಿ ಬಸ್ಸಿನ ಡ್ರೈವರೂ ಚಿನ್ನ, ಕಸದ ಲಾರಿಯವನೂ ಚಿನ್ನ, ದಂಡದ ಚೀಟಿ ಅಂಟಿಸುವವನೂ ಅಂಟಿಸುತ್ತಲೇ ಸಾರಿ ಚಿನ್ನ ಎನ್ನುತ್ತಾನೆ, ಇಷ್ಟು ಚಿನ್ನ ಇದ್ದೂ ಊರು ಹೀಗ್ಯಾಕೆ ತುಕ್ಕು ಹಿಡಿದಿದೆಯೋ — ಆದರೆ ಚಿನ್ನದ ಮೇಲೆ ಚಾಕೊಲೇಟು, ಚಾಕೊಲೇಟಿನ ಮೇಲೆ ಹಲ್ಲು ಕಾಣುವ ನಗು, ಇಷ್ಟು ಸಿಹಿಯ ಹಿಂದೆ ಒಂದು ಸಹಿ ಇರಬೇಕು, ಇಲ್ಲವೇ ಸಹಿ ಇಲ್ಲ ಎನ್ನುವ ಕಹಿ.

ಸಹಿಯಾಗಬೇಕಾದ ಹಾಳೆಯಂತೂ ಇಲ್ಲೇ ಇದೆ, ಜೆರಾಲ್ಡೀನಳ ನೀಲಿ ಫೈಲಿನಿಂದ ಕಿವಿ ಹೊರಗೆ ಹಾಕಿಕೊಂಡು ಎಲ್ಲರ ಮಾತು ಕೇಳಿಸಿಕೊಳ್ಳುತ್ತಿದೆ, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು, ಮೀಟಿಂಗು ಮುಗಿದ ಮೇಲೆ, ಈ ಅಪ್ರೆಂಟಿಸ್ ಕೊನೆಯ ಪರೀಕ್ಷೆಗೆ ಸಿದ್ಧ, ಎಂದು ಜೆರಾಲ್ಡೀನ್ ಅದರ ಮೇಲೆ ಗೀಚಬೇಕು, ಗೀಚಿದರೆ ಬೇಸಿಗೆಗೆ ಪರೀಕ್ಷೆ, ಪರೀಕ್ಷೆ ದಾಟಿದರೆ ಖಾಯಂ ಕೆಲಸ, ಗೀಚದಿದ್ದರೆ ಒಪ್ಪಂದ ಮುಗಿಯಿತು, ನಮಸ್ಕಾರ, ಮನೆಗೆ. ಹೆಬ್ಬಾಗಿಲು ಎಂದು ಹೆಸರಿಟ್ಟಿದ್ದಾರೆ ಈ ಸಹಿಗೆ, ಬೆಕ್ಕು ನುಸುಳುವ ಕಿಂಡಿಗೆ ಇಂಥ ಹೆಸರು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನಲ್ಲಿ ಉನ್ನತ ಅಪ್ರೆಂಟಿಸ್‌ಶಿಪ್ಪು, ನಲವತ್ತಾರನೇ ವಯಸ್ಸಿಗೆ, ಅಕ್ಕ ಶರ್ಲಿ ಚಿಪ್ಸಿನ ಮೇಲೆ ಗ್ರೇವಿ ಸುರಿದುಕೊಳ್ಳುತ್ತ ಮೂಗಿನಿಂದಲೇ ನಕ್ಕಿದ್ದಳು, ಅಪ್ರೆಂಟಿಸ್ ಅಂದ್ರೆ ಮುಖದ ಮೇಲೆ ಮೊಡವೆ ಇರ್ಬೇಕು ಕಣೇ, ನಿಂಗಿರೋದು ಮಂಡಿನೋವು. ಉನ್ನತ ಅಂತ ಇದೆ ಶರ್ಲಿ, ಬರೀ ಅಪ್ರೆಂಟಿಸ್ ಅಲ್ಲ. ಉನ್ನತ ಅಂದ್ರೆ ಏನು, ಏಣಿ ಕೊಡ್ತಾರಾ? ಶರ್ಲಿ ನಗಲಿ, ಕೆಲಸಕ್ಕಿದ್ದ ಶಾಲೆಯ ಅಡುಗೆಮನೆಯನ್ನು ಮುಚ್ಚಿ ಊಟವನ್ನು ವ್ಯಾನಿನಲ್ಲಿ ತರಿಸಲು ಶುರು ಮಾಡಿದ ಮೇಲೆ ಮ್ಯಾಂಡಿಗೆ ಉಳಿದದ್ದು ಇದೊಂದೇ ಬಾಗಿಲು, ಆ ಅಡುಗೆಮನೆಯಲ್ಲಿ ಸೀದದ್ದನ್ನು ಸೀದಿದೆ ಎನ್ನುತ್ತಿದ್ದರು, ಕಸ್ಟರ್ಡ್ ಗಂಟಾದರೆ ಗಂಟು, ಇಲ್ಲಿ ಹಾಗಿಲ್ಲ, ಇಲ್ಲಿ ಸೀದದ್ದು ಸ್ವಲ್ಪ ಬಣ್ಣ ತಿರುಗಿದ್ದು, ಗಂಟಾದದ್ದು ಹೊಸ ರೂಪ ತಾಳಿದ್ದು, ಹೊಟ್ಟೆಗೆ ಹಾಕಿಕೊಂಡವರು ಮಾತ್ರ ಹಿಂದಿನ ಹಾಗೆಯೇ ನರಳಬೇಕು.

ಹಾಯ್ ಮ್ಯಾಂಡಿ, ನಾನಿದೀನಿ ಅನ್ನೋದನ್ನೇ ಮರ್ತುಬಿಡಿ, ಆಯ್ತಾ? ಎಂದಿತು ಗೋಡೆಯ ಪರದೆ. ಪಿಪ್ಪಾ, ತರಬೇತಿ ಕಂಪನಿಯ ಹುಡುಗಿ, ಮ್ಯಾಂಡಿಯ ಗುರು, ವಯಸ್ಸಿನಲ್ಲಿ ಮಗಳಾಗಬೇಕು, ಮುಖ ಗೋಡೆಯಷ್ಟು ದೊಡ್ಡದಾಗಿ ತೂಗಾಡುತ್ತಿರುವಾಗ ಮರೆಯುವುದು ಎಲ್ಲಿಂದ, ಬೆನ್ನ ಹಿಂದಿನ ಮನೆಯನ್ನು ಮಸುಕು ಮಾಡಿಕೊಂಡಿದ್ದಾಳೆ, ಏನಿದೆ ಅಲ್ಲಿ ಅಡಗಿಸುವಂಥದ್ದು — ಇವತ್ತು ಮ್ಯಾಂಡಿ ಪ್ರಾಜೆಕ್ಟನ್ನು ತಾನೇ ಮಂಡಿಸುವುದನ್ನು ನೋಡಿ ಬರೆದುಕೊಳ್ಳಲು ಬಂದಿದ್ದಾಳಂತೆ, ಸಾಕ್ಷಿಗೆ, ಎಲ್ಲದಕ್ಕೂ ಸಾಕ್ಷಿ ಬೇಕು ಇವರಿಗೆ, ಟೀಮಿನಲ್ಲಿ ಬೆರೆತದ್ದಕ್ಕೆ ಸಾಕ್ಷಿ, ಜಗಳ ಬಿಡಿಸಿದ್ದಕ್ಕೆ ಸಾಕ್ಷಿ, ಅದಕ್ಕೊಂದು ಜಗಳ ಹುಡುಕಿಕೊಂಡು ಮ್ಯಾಂಡಿ ವಾರವೆಲ್ಲ ಆಫೀಸು ಸುತ್ತಿದ್ದಳು, ಕೊನೆಗೆ ಮೈಕ್ರೋವೇವಿನಲ್ಲಿ ಮೀನು ಬಿಸಿ ಮಾಡಿದವನೊಬ್ಬ ಸಿಕ್ಕಿ ಬಚಾವಾದಳು. ಮತ್ತೆ ಆ ‘ನಾನು’, ವರದೀಲಿ ನಾವು ಅಂತ ಬರೀಬೇಡಿ ಮ್ಯಾಂಡಿ, ನಾವು ಅಂದ್ರೆ ಪರೀಕ್ಷಕರಿಗೆ ನೀವು ಕಾಣಲ್ಲ, ನಾನು ಯೋಚಿಸಿದೆ, ನಾನು ಮಾಡಿದೆ ಅಂತ ಬರೀರಿ — ಅಲ್ಲಿ ನಾನು, ಇಲ್ಲಿ ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ನಾವು, ನಾವು ನೋಡ್ತಿದೀವಿ, ನಾವು ಆಶಾವಾದಿಗಳಾಗಿದೀವಿ, ಇಪ್ಪತ್ತು ಕಾಲಿನ ಒಂದೇ ಪ್ರಾಣಿ, ಒದೆ ಬಿದ್ದಾಗ ಮಾತ್ರ ನೋಡುತ್ತಾರೆ, ಯಾವ ಕಾಲಿನ ಮೇಲೆ ನಾನು ಎಂದು ಬರೆದಿದೆ ಅಂತ. ಹಾಗೆ ಬರೆದುಕೊಂಡಿರುವವಳು ಮ್ಯಾಂಡಿ ಒಬ್ಬಳೇ. ಅದಕ್ಕೇ ಬಿಸ್ಕತ್ತಾ? ಬಲಿ ಕೊಡುವ ಮುಂಚೆ ಕುರಿಗೆ ಹಸಿರು ಸೊಪ್ಪು ತೋರಿಸಿದ ಹಾಗೆ?

ಹಸಿರು, ಹೌದು, ಹಸಿರೇ ಬೇಕಾಗಿರುವುದು ಜೆರಾಲ್ಡೀನಳಿಗೆ, ಪ್ರತಿ ಪ್ರಾಜೆಕ್ಟಿಗೂ ತಿಂಗಳಿಗೊಂದು ಬಣ್ಣ, ಸರಿ ಇದ್ದರೆ ಹಸಿರು, ಎಡವುತ್ತಿದ್ದರೆ ಹಳದಿ, ಬಿದ್ದರೆ ಕೆಂಪು, ಜೆರಾಲ್ಡೀನಳ ಕಾಲದಲ್ಲಿ ಕೆಂಪನ್ನು ಕಂಡವರಿಲ್ಲ, ಕೆಂಪು ಹಾಕಿದ್ರೆ ಮೇಲಿನೋರು ಕೆಳಗೆ ಬರ್ತಾರೆ ಚಿನ್ನ, ಬಂದ್ರೆ ಸುಮ್ನೆ ಹೋಗಲ್ಲ, ಎಂದಿದ್ದಳು ಮೊದಲ ವಾರವೇ, ಬರುವ ಸೆಪ್ಟೆಂಬರಿಗೆ ಅವಳ ನಿವೃತ್ತಿ, ಸ್ಪೇನಿನಲ್ಲಿ ಮನೆ ನೋಡಿಟ್ಟಿದ್ದಾಳೆ, ಈಗ್ಯಾಕೆ ಕೆಂಪು ಅವಳಿಗೆ. ಮ್ಯಾಂಡಿಯ ಪ್ರಾಜೆಕ್ಟು ಸಂಸ್ಥೆಯ ವಸತಿ ಕಟ್ಟಡ ಲಾರ್ಕ್ ಹೌಸಿನ ಲಿಫ್ಟು, ಎಂಟು ಮಹಡಿಗೆ ಇದ್ದದ್ದೇ ಒಂದು, ಹಳೆಯದನ್ನು ಕಿತ್ತು ಹೊಸದು ಹಾಕಬೇಕು, ಈಸ್ಟರಿಗೆ ಮುಗಿಯಬೇಕು, ಈಸ್ಟರು ಹತ್ತು ದಿನ ದೂರದಲ್ಲಿದೆ, ಲಿಫ್ಟಿನ ಜಾಗದಲ್ಲಿ ಹಲಗೆ ಹೊಡೆದ ತೂತು. ಎದುರಿಗೆ ಲಿಫ್ಟು ಕಂಪನಿಯ ಡೆರಿಕ್ ಕೂತಿದ್ದಾನೆ, ಇವತ್ತು ಟೈ ಕಟ್ಟಿದ್ದಾನೆ, ಯಾಕೆ, ಡೆರಿಕ್ ಟೈ ಕಟ್ಟುವುದು ಹೆಣಕ್ಕೆ ಅಥವಾ ಹಣಕ್ಕೆ ಅಂತ ಅವನೇ ಹೇಳುತ್ತಿರುತ್ತಾನೆ, ನಿನ್ನೆ ಕಾರ್ ಪಾರ್ಕಿನಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತ ದನಿ ತಗ್ಗಿಸಿದ್ದ, ಇದು ನಾನು ಹೇಳಿಲ್ಲ, ನೀನು ಕೇಳಿಲ್ಲ, ಕಂಟ್ರೋಲ್ ಪೆಟ್ಟಿಗೆ ತಪ್ಪು ಅಳತೇದು ಬಂದಿತ್ತು, ವಾಪಸ್ ಹೋಗಿದೆ, ಇನ್ನೂ ಆರು ವಾರ ಅಂದ್ಕೋ. ಆರು ವಾರಾನಾ! ಶ್, ಮೆಲ್ಲಗೆ ಮಾರಾಯ್ತಿ, ನಿಮ್ಮ ಜೆರಾಲ್ಡೀನ್‌ಗೂ ಗೊತ್ತು, ಗೊತ್ತಿಲ್ಲ ಅನ್ನೋದೂ ಗೊತ್ತು. ಅಂದರೆ ಗೊತ್ತಿದೆ, ಡೆರಿಕ್‌ಗೆ ಗೊತ್ತು, ಜೆರಾಲ್ಡೀನ್‌ಗೆ ಗೊತ್ತು, ಗೊತ್ತಿದ್ದೂ ಇವತ್ತು ಮ್ಯಾಂಡಿಯ ಬಾಯಿಂದ ಹಸಿರು ಎನ್ನಿಸಬೇಕು, ಸಾಕ್ಷಿ ಸಮೇತ, ಪಿಪ್ಪಾ ಬರೆದುಕೊಳ್ಳಬೇಕು, ನಾಳೆ ಗಲಾಟೆಯಾದರೆ ಅಯ್ಯೋ ಪಾಪ ಅಪ್ರೆಂಟಿಸು, ಇನ್ನೂ ಕಲೀತಿದ್ದಳು — ಚೆನ್ನಾಗಿದೆ ಲೆಕ್ಕ, ಚಿನ್ನದಂಥ ಲೆಕ್ಕ.

ಕೆಂಪು ಎಂದರೆ ಬರೀ ಬಣ್ಣವೂ ಅಲ್ಲ, ಅದೇ ತೊಂದರೆ, ಕೆಂಪು ಎಂದು ಬರೆದರೆ ನಿಯಮದ ಪ್ರಕಾರ ಮೇಲಿನ ಮಹಡಿಯ ಮುದುಕರನ್ನು ಲಿಫ್ಟು ಬರುವ ತನಕ ಬೇರೆ ಕಡೆ ಇಳಿಸಬೇಕು, ಹೋಟೆಲಿನಲ್ಲೋ ಕೆಳಗಿನ ಖಾಲಿ ಮನೆಗಳಲ್ಲೋ, ಹಸಿರಿದ್ದರೆ ಯಾರನ್ನೂ ಕದಲಿಸಬೇಕಾಗಿಲ್ಲ, ಅವರವರ ಕಾಲೇ ಅವರವರಿಗೆ ಲಿಫ್ಟು. ಸರಿ, ಶುರು ಮಾಡೋಣ್ವಾ, ಎಂದಳು ಜೆರಾಲ್ಡೀನ್, ಮ್ಯಾಂಡಿ ಎದ್ದಳು, ಮಂಡಿ ಚಟಕ್ಕೆಂದಿತು, ಗೋಡೆಯ ಮೇಲೆ ಪಿಪ್ಪಾ ಮೂಲೆಗೆ ಸರಿದು ಸಣ್ಣಗಾದಳು, ಮೊದಲ ಚಿತ್ರ ಬಂತು, ವೇಳಾಪಟ್ಟಿ, ಪಟ್ಟಿಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಇಳಿಯುತ್ತವೆ, ಬಾಯಿ ತನ್ನಷ್ಟಕ್ಕೆ ಓದುತ್ತಿದೆ, ಕಣ್ಣು ಬಿಸ್ಕತ್ತಿನ ಮೇಲಿದೆ, ಡೆರಿಕ್ ಎರಡನೆಯದನ್ನು ಟೀಯಲ್ಲಿ ಅದ್ದುತ್ತಿದ್ದಾನೆ, ಯಾವ ಹೆದರಿಕೆಯೂ ಇಲ್ಲ ಅವನಿಗೆ, ಕಂಟ್ರೋಲ್ ಪೆಟ್ಟಿಗೆ ಹೇಗಿದೆ ಡೆರಿಕ್, ಎಂದು ಜೆರಾಲ್ಡೀನ್ ಕೇಳಿದಳು, ಎಷ್ಟು ಮುಗ್ಧವಾಗಿ ಕೇಳುತ್ತಾಳೆ ನೋಡು, ನಾವು ಆಶಾವಾದಿಗಳಾಗಿದೀವಿ, ಎಂದ ಡೆರಿಕ್, ಬಿಸ್ಕತ್ತು ಮುರಿದು ಟೀಯಲ್ಲಿ ಬಿತ್ತು. ಒಳ್ಳೇದು, ಎಂದಳು ಜೆರಾಲ್ಡೀನ್. ಎಲ್ಲರೂ ಖುಷಿನಾ? ಖುಷಿ, ಎಂದ ಡೆರಿಕ್, ಖುಷಿ, ಎಂದಿತು ಗೋಡೆ. ಈ ಖುಷಿಯೊಂದು ಇವರ ಗಂಟೆ, ಪ್ರತಿ ವಿಷಯ ಮುಗಿದಾಗ ಬಾರಿಸಬೇಕು, ಬಾಯಿ ತೆರೆಯದೆ ಗೊಣಗಿದರೂ ಸಾಕು, ಖುಷಿ ಇದೆಯೋ ಇಲ್ಲವೋ ಯಾರಿಗೆ ಬೇಕು, ಬಾಡಿಗೆ ವಿಭಾಗವನ್ನು ಮನೆಗೆ ಕಳಿಸಿದ ದಿನವೂ ಕೊನೆಗೆ ಕೇಳಿದ್ದು ಇದನ್ನೇ, ಕೆಲಸ ಹೋದವರೂ ತಗ್ಗಿಸಿದ ತಲೆಯಲ್ಲೇ ಖುಷಿ ಎಂದಿದ್ದರು, ಇಲ್ಲ ಎನ್ನುವುದು ಈ ಊರಿನಲ್ಲಿ ಕ್ಯೂ ಮುರಿದಷ್ಟು ದೊಡ್ಡ ಪಾಪ — ಖುಷಿ, ಎಂದಳು ಮ್ಯಾಂಡಿಯೂ, ನಾಲಿಗೆಯ ಮೇಲೆ ಕಸ್ಟರ್ಡಿನ ಗಂಟಿನ ಹಾಗೆ.

ಮುಂದಿನದು ಅಪಾಯಗಳ ಪಟ್ಟಿ, ಪ್ರತಿ ಅಪಾಯಕ್ಕೆ ಎದುರಿಗೆ ಒಂದು ಉಪಾಯ, ಅದರ ಎದುರಿಗೆ ಹೊಣೆ ಹೊತ್ತವರ ಹೆಸರು, ಹೊಣೆ ಎಂದು ಬರೆದರೆ ಹಣೆಗೆ ಬರೆದ ಹಾಗೇ, ಇಲ್ಲಿಗೆ ಬಂದ ಮೇಲೆ ಮ್ಯಾಂಡಿ ಹಾಲಿನ ಬಾಟಲಿಯಲ್ಲೂ ಅಪಾಯ ನೋಡುತ್ತಾಳೆ, ಶರ್ಲಿಯ ಹೊಸ ಗೆಳೆಯನಲ್ಲೂ, ಅವನ ಎದುರಿಗೆ ಬರೆಯಲು ಉಪಾಯವಿಲ್ಲ. ಅಪಾಯ, ಲಿಫ್ಟು ಇಲ್ಲದ ದಿನಗಳಲ್ಲಿ ವಯಸ್ಸಾದವರು ಹತ್ತಲಾರರು. ಉಪಾಯ, ಪ್ರತಿ ಮಹಡಿಯ ತಿರುವಿನಲ್ಲಿ ದಣಿವಾರಿಸಿಕೊಳ್ಳಲು ಒಂದೊಂದು ಕುರ್ಚಿ. ಅದು ಅವಳದೇ, ಪೂರ್ತಿ ಅವಳದು, ಯಾರ ‘ನಾವು’ ಕೂಡ ಅದರೊಳಗಿಲ್ಲ, ಚರ್ಚಿನ ಸಭಾಂಗಣದಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳನ್ನು ಕೇಳಿ ತಂದು ಇಡಿಸಿದ್ದಳು, ನಯಾ ಪೈಸೆ ಖರ್ಚಿಲ್ಲದೆ, ಜೆರಾಲ್ಡೀನ್ ಆವತ್ತು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದಳು, ಅದ್ಭುತ ಚಿನ್ನ, ಇದನ್ನ ಬರ್ಕೋ, ಪಿಪ್ಪಾಗೆ ಕಳಿಸು, ಬರೆದಳು, ನಾನು ಯೋಚಿಸಿದೆ, ನಾನು ಕುರ್ಚಿಗಳನ್ನು ತಂದೆ, ನಾನು ಇಡಿಸಿದೆ, ಪಿಪ್ಪಾ ಉತ್ತರಿಸಿದ್ದಳು, ವಾವ್ ಮ್ಯಾಂಡಿ, ಒಂದು ಫೋಟೋ ಇದ್ರೆ ಇನ್ನೂ ಗಟ್ಟಿ ಆಗುತ್ತೆ, ಆದ್ರೆ ಮುಖಗಳು ಬೇಡ, ಯಾರದಾದ್ರೂ ಮುಖ ಬಂದ್ರೆ ಅನುಮತಿ ಪತ್ರ ಬೇಕು, ಖಾಸಗಿ ಮಾಹಿತಿ, ರಗಳೆ, ಖಾಲಿ ಕುರ್ಚಿ ಇದ್ರೆ ಸಾಕು.

ಖಾಲಿ ಕುರ್ಚಿ. ಗುರುವಾರ ಲಾರ್ಕ್ ಹೌಸಿಗೆ ಹೋಗಿದ್ದಳು, ಫೋನು ಹಿಡಿದುಕೊಂಡು, ಒಂದನೆಯದರಲ್ಲಿ ಯಾರದೋ ಸೈಕಲ್ ಹೆಲ್ಮೆಟ್ಟು, ಎರಡನೆಯದರ ಕಾಲು ಮುರಿದಿತ್ತು, ಮೂರನೆಯದು ಕತ್ತಲೆಯಲ್ಲಿ, ಬಲ್ಬು ಹೋಗಿತ್ತು, ನಾಲ್ಕನೆಯದೇ ಚಂದ, ಕಿಟಕಿಯ ಬೆಳಕು ಸರಿಯಾಗಿ ಬೀಳುತ್ತಿತ್ತು, ಆದರೆ ಅದರ ಮೇಲೆ ಮಿಸೆಸ್ ಕ್ಲೆಗ್ ಕೂತಿದ್ದಳು, ಏಳನೇ ಮಹಡಿಯ ಮಿಸೆಸ್ ಕ್ಲೆಗ್, ಎಂಬತ್ತು ದಾಟಿದ ಜೀವ, ಮಾರ್ಕೆಟ್ಟಿಗೆ ಹೋಗುವ ಹಸಿರು ಕೋಟು, ಕಾಲ ಬಳಿ ಚಕ್ರದ ಚೀಲ, ಕೈಯಲ್ಲಿ ಯಾರೋ ನೆರೆಯವರು ಕೊಟ್ಟ ಟೀ ಕಪ್ಪು. ಹೇಗಿದೀರಾ ಮಿಸೆಸ್ ಕ್ಲೆಗ್? ಇದೀನಿ ಚಿನ್ನ, ಹತ್ತುತಾ ಇದ್ನೋ ಇಳೀತಾ ಇದ್ನೋ ಅದೇ ಮರ್ತುಹೋಯ್ತು, ಟೀ ಕುಡಿದ್ರೆ ನೆನಪಾಗುತ್ತೆ ಅಂತ ಕೂತೆ. ನಕ್ಕಿದ್ದರು ಇಬ್ಬರೂ. ಒಳ್ಳೇ ಕುರ್ಚಿ ಕಣಮ್ಮ, ಯಾರೋ ಪುಣ್ಯಾತ್ಮರು ಇಟ್ಟಿದಾರೆ. ನಾನೇ, ಎನ್ನಬೇಕೆನಿಸಿತ್ತು, ಎಂದಳು ಕೂಡ, ನಾನೇ ಇಡಿಸಿದ್ದು ಮಿಸೆಸ್ ಕ್ಲೆಗ್. ಹೌದಾ, ನಿಂಗೆ ಒಳ್ಳೇದಾಗ್ಲಿ, ಬೆಳಗ್ಗೆಯಿಂದ ಇಲ್ಲೇ ಇದೀನಿ ನೋಡು. ಬೆಳಗ್ಗೆಯಿಂದ — ಆಗ ಮಧ್ಯಾಹ್ನವಾಗಿತ್ತು, ಕಿಟಕಿಯ ಬೆಳಕು ಓರೆಯಾಗುತ್ತಿತ್ತು, ಬೆಳಗ್ಗೆಯಿಂದ ಎಂದದ್ದು ಕಿವಿಗೆ ಬಿದ್ದಿತ್ತಾ, ಬಿದ್ದಿತ್ತು, ಬಿದ್ದು ಅಲ್ಲೇ ಕೂತಿತ್ತು, ಬೆಳಕು ಹೋದರೆ ಫೋಟೋ ಬರುವುದಿಲ್ಲ ಎಂಬುದು ಅದಕ್ಕಿಂತ ಮುಂದೆ ನಿಂತಿತ್ತು, ಮತ್ತೆ ಮ್ಯಾಂಡಿ — ಏನಂದಳು, ಮೆತ್ತಗೆಯೇ ಅಂದಳು, ಶಾಲೆಯ ಮಕ್ಕಳಿಗೆ ಇನ್ನೊಂದು ಚಮಚ ಬಟಾಣಿ ತಿನ್ನಿಸುವ ದನಿಯಲ್ಲಿ — ಅಲ್ಲ, ಆಮೇಲೆ ಯೋಚಿಸೋಣ, ಜೆರಾಲ್ಡೀನ್ ಯಾಕೆ ಹೀಗೆ ನೋಡುತ್ತಿದ್ದಾಳೆ.

ಮ್ಯಾಂಡಿ? ಮುಂದಿನದು ಹಾಕು ಚಿನ್ನ, ನಿನ್ನ ಕುರ್ಚಿ, ಎಲ್ಲರೂ ಕಾಯ್ತಿದಾರೆ. ಬಿಸ್ಕತ್ತು ಎಲ್ಲಿಂದ ಬಂತು ಜೆರಾಲ್ಡೀನ್, ಎಂದು ಕೇಳಿಬಿಟ್ಟಳು ಮ್ಯಾಂಡಿ, ತಡೆಯಲಾಗಲಿಲ್ಲ. ಬಿಸ್ಕತ್ತಾ? ಮೇಲಿನೋರ ಮೀಟಿಂಗಲ್ಲಿ ಉಳಿದಿತ್ತು, ಎತ್ಕೊಂಡು ಬಂದೆ, ಯಾಕೆ, ಮೆತ್ತಗಾಗಿದ್ಯಾ? ಡೆರಿಕ್ ನಕ್ಕ, ಮೆತ್ತಗಾಗಿದ್ರೆ ನಂಗೆ ಕೊಡಿ, ಹಲ್ಲು ಕೀಳಿಸ್ಕೊಂಡು ಬಂದಿದೀನಿ, ಸಂಜೆ ಮಾವನ ಅಂತ್ಯಕ್ರಿಯೆ ಬೇರೆ ಇದೆ. ಅದಕ್ಕೇ ಟೈ. ಉಳಿದ ಬಿಸ್ಕತ್ತು, ಮಾವನ ಟೈ, ಎರಡು ಸಕ್ಕರೆ ಕುರುಡು ಊಹೆ, ಬೆಳಗ್ಗೆಯಿಂದ ಹೆಣೆದ ಬಲೆಯಲ್ಲಿ ಒಂದು ನೊಣವೂ ಇಲ್ಲ, ಬಲೆಯ ಮಧ್ಯೆ ಕೂತವಳು ಮಾತ್ರ ಇದ್ದಾಳೆ. ಆದರೂ ಆರು ವಾರ ನಿಜ. ಆರು ವಾರ ನಿಜ, ಪೆನ್ನಿನ ಮುಚ್ಚಳ ತೆಗೆದಿದೆ, ಗುಂಡಿ ಒತ್ತಿದಳು, ಗೋಡೆಯ ಮೇಲಿನ ಪಟ್ಟಿ ಸರಿಯಿತು, ಕುರ್ಚಿ ಬಂತು. ಎಷ್ಟು ದೊಡ್ಡದಾಗಿ ಬಂತು, ಫೋನಿನಲ್ಲಿ ಇಷ್ಟಿರಲಿಲ್ಲ, ಕಿತ್ತಳೆ ಬಣ್ಣ, ಓರೆ ಬೆಳಕು, ಹಿಂದೆ ಮೆಟ್ಟಿಲು, ಮೆಟ್ಟಿಲಿಗೆ ಕಂಬಿ. ತುಂಬಾ ಚಂದ ಬಂದಿದೆ, ಎಂದಳು ಪಿಪ್ಪಾ, ಇದು ಪರೀಕ್ಷಕರಿಗೆ ಪಕ್ಕಾ ಇಷ್ಟ ಆಗುತ್ತೆ. ನಮ್ಮ ಮ್ಯಾಂಡಿ, ಎಂದಳು ಜೆರಾಲ್ಡೀನ್, ಆ ದನಿಯಲ್ಲಿ ನಿಜವಾಗಿ ಹೆಮ್ಮೆ ಇದೆ, ಅನುಮಾನ ಪಡಲು ಉಗುರು ಊರುವಷ್ಟು ಸಂದಿಯೂ ಇಲ್ಲ, ಅದೇ ಭಯ, ಪೆನ್ನು ಹಾಳೆಯ ಮೇಲೆ ಹೋಗಿ ನಿಂತಿತು, ಹಾಗಾದ್ರೆ ಲಾರ್ಕ್ ಹೌಸ್ ಈ ತಿಂಗಳೂ ಹಸಿರು, ಎಲ್ಲರೂ ಖುಷಿನಾ? ಖುಷಿ, ಎಂದ ಡೆರಿಕ್. ಖುಷಿ, ಎಂದಳು ಪಿಪ್ಪಾ, ಒಂದ್ನಿಮಿಷ, ಆ ಬಲಗಡೆ ಮೂಲೇಲಿ ಏನದು ಮ್ಯಾಂಡಿ, ಕಂಬಿ ಮೇಲೆ? ಕೈಗವಸಾ? ಯಾರೋ ಬಿಟ್ಟುಹೋಗಿದಾರೆ ಅನ್ಸುತ್ತೆ, ಅದನ್ನ ಕತ್ತರಿಸಿ ಹಾಕ್ಬಹುದು ಬಿಡಿ, ಏನೂ ತೊಂದ್ರೆ ಇಲ್ಲ.

ಒಂದೇ ನಿಮಿಷ ಏಳ್ತೀರಾ ಮಿಸೆಸ್ ಕ್ಲೆಗ್, ಫೋಟೋಗೆ ಕುರ್ಚಿ ಖಾಲಿ ಬೇಕು — ಅದನ್ನೇ ಅಂದದ್ದು, ಅದನ್ನೇ, ಮತ್ತೆ ಆ ಜೀವ ಯಾಕೆ ಎಂದೂ ಕೇಳಲಿಲ್ಲ, ಓ ಸಾರಿ ಚಿನ್ನ, ನಾನು ಅಡ್ಡ ಕೂತಿದೀನಾ, ಎಂದು ಟೀ ಕಪ್ಪನ್ನು ನೆಲಕ್ಕಿಟ್ಟು, ಕುರ್ಚಿಯ ಬೆನ್ನು ಹಿಡಿದು, ಎರಡು ಸಲ ಏಳಲಾಗದೆ, ಮೂರನೇ ಸಲ ಎದ್ದು, ಪಕ್ಕಕ್ಕೆ ಸರಿದು ಕಂಬಿ ಹಿಡಿದು ನಿಂತಿತು, ಇನ್ನೂ ಸ್ವಲ್ಪ ಆ ಕಡೆ, ಎಂದಳು ಮ್ಯಾಂಡಿ, ಇನ್ನೂ ಸ್ವಲ್ಪ, ಸರಿದಳು, ಬೆಳಕು ಸರಿ ಬರಲಿಲ್ಲ, ಇನ್ನೊಂದು ತೆಗೆದಳು, ಮತ್ತೊಂದು, ದಣಿದವರಿಗಾಗಿ ಇಟ್ಟ ಕುರ್ಚಿಯ ಫೋಟೋಗೆ ದಣಿದವಳನ್ನು ಎಬ್ಬಿಸಿ ನಿಲ್ಲಿಸಿ — ಬಂತಾ ಚಿನ್ನ, ಕೂತ್ಕೋಬಹುದಾ? — ಎಷ್ಟು ಮರ್ಯಾದೆ, ತನ್ನದೇ ಮೆಟ್ಟಿಲಲ್ಲಿ ಕೂರಲು ಅಪ್ಪಣೆ ಕೇಳುವಷ್ಟು. ಮ್ಯಾಂಡಿ? ಖುಷಿನಾ ಚಿನ್ನ? ಎಂದಳು ಜೆರಾಲ್ಡೀನ್, ಪೆನ್ನಿನ ತುದಿ ಹಾಳೆಗೆ ತಾಗಿದೆ, ಸಣ್ಣ ಚುಕ್ಕೆ ಮೂಡಿದೆ, ಸಹಿಯ ಮೊದಲ ಚುಕ್ಕೆ. ಇಲ್ಲ, ಎಂದಳು ಮ್ಯಾಂಡಿ. ಇಲ್ಲ ಅಂದ್ರೆ? ಖುಷಿ ಇಲ್ಲ. ಡೆರಿಕ್‌ನ ಕೈ ತಟ್ಟೆಯ ಮೇಲೆ ನಿಂತಿತು. ಅದು ಗವಸಲ್ಲ, ಕೈ. ಏಳನೇ ಮಹಡಿಯ ಮಿಸೆಸ್ ಕ್ಲೆಗ್ ಕೈ, ಬೆಳಗ್ಗೆಯಿಂದ ಅಲ್ಲೇ ಕೂತಿದ್ರು, ಮೇಲೆ ಹೋಗಕ್ಕೆ ಆಗ್ತಿರ್ಲಿಲ್ಲ, ನಾನೇ ಎಬ್ಬಿಸಿದ್ದು. ಪೆಟ್ಟಿಗೆ ಬರಕ್ಕೆ ಇನ್ನೂ ಆರು ವಾರ, ಡೆರಿಕ್ ಹೇಳಿಲ್ಲ, ನಾನೇ ಹೇಳ್ತಿದೀನಿ. ಕೆಂಪು ಅಂತ ಬರ್ಕೊಳ್ಳಿ ಜೆರಾಲ್ಡೀನ್. ಅವರನ್ನ ಕೆಳಗೆ ಇಳಿಸ್ಬೇಕು, ಇವತ್ತೇ. ಇಲ್ಲ ಎಂದವರ ಜೊತೆ ಮುಂದೇನು ಮಾತಾಡಬೇಕೆಂದು ಇಲ್ಲಿ ಯಾರಿಗೂ ಹೇಳಿಕೊಟ್ಟಿಲ್ಲ, ಜೆರಾಲ್ಡೀನ್ ಪೆನ್ನನ್ನು ಹಾಳೆಯಿಂದ ಎತ್ತಿದಳು, ಮುಚ್ಚಳ ಹುಡುಕಿದಳು, ಹಾಕಿದಳು, ಟಿಕ್ಕೆಂದಿತು, ಹಾಳೆಯ ಕಿವಿ ಫೈಲಿನೊಳಗೆ ಹೋಯಿತು, ಕೆಂಪು, ಎಂದಳು ನಿಧಾನವಾಗಿ, ಆ ಪದವನ್ನು ಮೊದಲ ಸಲ ನಾಲಿಗೆಗೆ ಹಚ್ಚಿಕೊಂಡು ನೋಡುವವಳ ಹಾಗೆ, ಆಮೇಲೆ ಫೋನು ಕೈಗೆ ತಗೊಂಡು ಮೇಲಿನವರ ನಂಬರು ಒತ್ತತೊಡಗಿದಳು, ಸಿಟ್ಟಾ, ದುಃಖವಾ, ಇನ್ನೇನೋ ಲೆಕ್ಕವಾ, ಮ್ಯಾಂಡಿ ನೋಡಲಿಲ್ಲ, ನೋಡುತ್ತಿದ್ದದ್ದು ಗೋಡೆಯನ್ನು, ಅಲ್ಲಿ ಖಾಲಿ ಕುರ್ಚಿ, ಚಂದ ಬೆಳಕು, ಬಲಗಡೆ ಮೂಲೆಯಲ್ಲಿ ಕಂಬಿ, ಕಂಬಿಯನ್ನು ಬಿಗಿಯಾಗಿ ಹಿಡಿದ ಕೈ, ಗೆಣ್ಣುಗಳು ಬಿಳಿಚಿಕೊಂಡಿವೆ, ಒಂದು ಬೆರಳಲ್ಲಿ ಸಡಿಲವಾದ ಉಂಗುರ, ಖಾಲಿ ಕುರ್ಚಿ, ಕಂಬಿ, ಕೈ — ಇನ್ನೂ ನಿಂತೇ ಇದೆ, ಬಂತಾ ಚಿನ್ನ ಎಂದು ಕೇಳುತ್ತ — ಕುರ್ಚಿ, ಕಂಬಿ, ಕೈ, ಕೈ,